ಸರಹದ್ದಿನ ಜಗಳ: ಉಪ್ಪುನೀರಿನ ಅಕ್ವೇರಿಯಂನಲ್ಲಿ ಕಾದಾಡುವ ಮೀನುಗಳನ್ನು ನಿಭಾಯಿಸುವ ಬಗೆ

ಉಪ್ಪುನೀರಿನ ಮೀನು ಸಾಕಲು ತೊಡಗಿದ ಮೊದಲ ವರ್ಷದಲ್ಲಿ ನಾನೊಂದು ಫೈರ್‌ಫಿಶ್ ಕಳೆದುಕೊಂಡೆ. ತೊಟ್ಟಿಯಲ್ಲಿ ಆರು ತಿಂಗಳಿಂದ ತಳವೂರಿದ್ದ, ಬೆರಳಿನಷ್ಟು ಉದ್ದದ ಸಿಕ್ಸ್‌ಲೈನ್ ರಾಸ್ ಒಂದಿತ್ತು. ಫೈರ್‌ಫಿಶ್ ನೀರಿಗಿಳಿದ ಅರ್ಧ ಗಂಟೆಯಲ್ಲಿ ರಾಸ್ ಅದನ್ನು ಮೇಲಿನ ಮೂಲೆಗೆ ಅಟ್ಟಿಬಿಟ್ಟಿತು. ಎರಡು ದಿನದಲ್ಲಿ ಹೊಂದಿಕೊಳ್ಳುತ್ತವೆ ಎಂದುಕೊಂಡು ದೀಪ ಆರಿಸಿ ಮಲಗಿದೆ. ಬೆಳಗ್ಗೆ ಫೈರ್‌ಫಿಶ್ ತೊಟ್ಟಿಯ ಹಿಂದೆ ನೆಲದ ಮೇಲೆ ಒಣಗಿ ಬಿದ್ದಿತ್ತು. ಮೈಮೇಲೆ ಒಂದು ಗಾಯವೂ ಇರಲಿಲ್ಲ. ತಪ್ಪಿಸಿಕೊಳ್ಳಲು ಅದಕ್ಕೆ ಉಳಿದಿದ್ದ ಒಂದೇ ದಿಕ್ಕು ಮೇಲ್ಮುಖವಾಗಿತ್ತು. ಆ ದಿಕ್ಕಿಗೇ ಅದು ಹಾರಿತ್ತು.

ಹವಳದ ದಿಬ್ಬಗಳಲ್ಲಿ ಇಂಥ ಜಗಳ ದಿನವಿಡೀ ನಡೆಯುತ್ತಲೇ ಇರುತ್ತದೆ. ಬಹುಪಾಲು ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ಸೋತ ಮೀನು ಗಡಿ ದಾಟಿ ಕಣ್ಮರೆಯಾಗುತ್ತದೆ, ಗೆದ್ದದ್ದು ತನ್ನ ಬಿಲಕ್ಕೆ ಮರಳುತ್ತದೆ. ಗಾಜಿನ ತೊಟ್ಟಿಯಲ್ಲಿ ಸೋತ ಮೀನು ಕಣ್ಮರೆಯಾಗಲಾರದು. ಅದು ಶರಣಾಗಿ ಹಿಂದೆ ಸರಿದರೂ ಗೆದ್ದ ಮೀನಿನ ಕಣ್ಣಿಗೆ ಇನ್ನೂ ತನ್ನ ಹೊಲದಲ್ಲೇ ನಿಂತಿರುವ ಅತಿಕ್ರಮಿ. ಆದ್ದರಿಂದ ನಮ್ಮ ಕೆಲಸ ಜಗಳಗಂಟ ಮೀನಿನ ಸ್ವಭಾವ ತಿದ್ದುವುದಲ್ಲ, ಅದು ಆಗದ ಮಾತು. ಸೋತ ಮೀನಿಗೆ ಹೋಗಲು ಒಂದು ಜಾಗ ಮಾಡಿಕೊಡಬೇಕು. ಕೆಳಗಿನ ಎಲ್ಲ ಹೆಜ್ಜೆಗಳೂ ಅದಕ್ಕಾಗಿಯೇ.

ಹೆಜ್ಜೆ 1: ಯಾರು ಯಾರಿಗೆ ದಾಯಾದಿ ಎಂದು ಮೊದಲೇ ತಿಳಿದುಕೊಳ್ಳಿ

ಮೀನು ಕಾಯುವುದು ಮೂರು ಸ್ವತ್ತುಗಳನ್ನು: ಆಹಾರ, ಅಡಗುತಾಣ, ಸಂಗಾತಿ ಅಥವಾ ಮೊಟ್ಟೆ. ಈ ಮೂರಕ್ಕೂ ಅತಿ ದೊಡ್ಡ ಪೈಪೋಟಿ ಬರುವುದು ತನ್ನಂಥದೇ ಮೀನಿನಿಂದ. 1973ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಪ್ರಾಣಿವರ್ತನೆಯ ತಜ್ಞ ಕೊನ್ರಾಡ್ ಲೊರೆಂಜ್, ಹವಳದ ದಿಬ್ಬದ ಕಡುಬಣ್ಣದ ಮೀನುಗಳು ಬೇರೆ ಜಾತಿಯವನ್ನು ಬಿಟ್ಟು ಸ್ವಜಾತಿಯ ಮೇಲೆಯೇ ಹೆಚ್ಚು ಎರಗುವುದನ್ನು ಗಮನಿಸಿದ್ದರು. ಮನೆಯ ತೊಟ್ಟಿಯಲ್ಲೂ ಇದೇ ಕಾಣುತ್ತದೆ. ಜಮೀನಿನ ವ್ಯಾಜ್ಯ ಅಪರಿಚಿತರಿಗಿಂತ ದಾಯಾದಿಗಳ ನಡುವೆಯೇ ಹೆಚ್ಚು ಅಲ್ಲವೇ? ಹೊಸ ಮೀನು ಆರಿಸುವಾಗ ನಾನು ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈಗಿರುವ ಯಾವುದಾದರೂ ಮೀನಿಗೂ ಇದಕ್ಕೂ ಒಂದೇ ಕುಲವೇ, ಒಂದೇ ಆಕಾರವೇ, ಒಂದೇ ಬಣ್ಣವೇ, ಒಂದೇ ಊಟವೇ? ಎರಡಕ್ಕೆ ಹೌದು ಎಂಬ ಉತ್ತರ ಬಂದರೆ ಜಗಳ ಖಚಿತವೆಂದೇ ಎಣಿಸಿ ತಯಾರಿ ಮಾಡಿಕೊಳ್ಳುತ್ತೇನೆ. ನಾಲ್ಕಕ್ಕೂ ಹೌದಾದರೆ ಆ ಮೀನನ್ನು ತರುವುದಿಲ್ಲ.

ಉದಾಹರಣೆಗೆ ಟ್ಯಾಂಗ್‌ಗಳು. ಹಳದಿ ಟ್ಯಾಂಗ್ ಮತ್ತು ನೇರಳೆ ಟ್ಯಾಂಗ್ ಎರಡೂ ಝೆಬ್ರಸೋಮ ಕುಲದವು, ಎರಡೂ ತಟ್ಟೆಯಂತೆ ಚಪ್ಪಟೆ, ಎರಡೂ ಬಂಡೆಯ ಮೇಲಿನ ಪಾಚಿ ಮೇಯುವವು. ಬೇರೆ ಬೇರೆ ಸಮಯದಲ್ಲಿ ಬಿಟ್ಟರೆ ಮೊದಲು ಬಂದದ್ದು ಎರಡನೆಯದನ್ನು ಬದುಕಗೊಡುವುದು ಅಪರೂಪ. ಬಾಲದ ಬುಡದಲ್ಲಿ ಎರಡೂ ಬದಿಗೆ ಕತ್ತಿಯಂಥ ಮುಳ್ಳು ಇರುವುದರಿಂದಲೇ ಇವಕ್ಕೆ ಸರ್ಜನ್ ಮೀನು ಎಂಬ ಹೆಸರು. ಪಕ್ಕಕ್ಕೆ ತಿರುಗಿ ಬಾಲ ಬೀಸಿದರೆ ಎದುರಾಳಿಯ ಹೊಟ್ಟೆ ಸೀಳುತ್ತದೆ. ಪುಟ್ಟ ಬಾಯಿಯ, ಉದ್ದನೆಯ ಮೈಯ ಗೋಬಿಯನ್ನು ಇದೇ ಹಳದಿ ಟ್ಯಾಂಗ್ ಕಣ್ಣೆತ್ತಿಯೂ ನೋಡುವುದಿಲ್ಲ. ಸೆಂಟ್ರೋಪೈಜ್ ಕುಲದ ಕುಬ್ಜ ಏಂಜೆಲ್ ಮೀನುಗಳಿಗೂ ಇದೇ ನಿಯಮ: ಸಾಧಾರಣ ತೊಟ್ಟಿಗೆ ಒಂದೇ ಸಾಕು.

ಡ್ಯಾಮ್ಸೆಲ್‌ಗಳ ಕಥೆ ಬೇರೆ. ಅಗ್ಗವಾಗಿ ಸಿಗುವ, ಯಾವ ನೀರನ್ನೂ ತಾಳಿಕೊಳ್ಳುವ ಮೀನು ಎಂದು ಹೊಸಬರಿಗೆ ಮೊದಲು ಇವನ್ನೇ ಕೊಡಿಸುತ್ತಾರೆ. ಆರಂಭದಲ್ಲೇ ಆಗುವ ಅತಿ ದುಬಾರಿ ತಪ್ಪು ಇದು. ಮೂರು ಪಟ್ಟೆಯ ಡ್ಯಾಮ್ಸೆಲ್, ಡಾಮಿನೋ ಡ್ಯಾಮ್ಸೆಲ್ ಮರಿಯಾಗಿದ್ದಾಗ ಮುದ್ದಾಗಿ ಗುಂಪಿನಲ್ಲಿ ಈಜುತ್ತವೆ. ಬೆಳೆದ ಮೇಲೆ ತಮಗಿಂತ ಹಲವು ಪಟ್ಟು ದೊಡ್ಡ ಮೀನನ್ನೂ ಅಟ್ಟುತ್ತವೆ. ಸಮುದ್ರದಲ್ಲಿ ಕೆಲವು ಡ್ಯಾಮ್ಸೆಲ್‌ಗಳು ಅಕ್ಷರಶಃ ಬೇಸಾಯಗಾರರು: ತಮಗೆ ಬೇಕಾದ ಪಾಚಿಯ ತುಣುಕು ನೆಲವನ್ನು ಕಾದು, ಬೇಡದ ಪಾಚಿಯನ್ನು ಕಿತ್ತು ಹೊರಗೆಸೆದು, ಹತ್ತಿರ ಬಂದ ಮುಳುಗುಗಾರರನ್ನೂ ಕುಟುಕಿ ಓಡಿಸುತ್ತವೆ. ಇಂಥ ವಂಶದಿಂದ ಬಂದ ಮೀನಿಗೆ ಹಂಚಿಕೊಳ್ಳುವುದನ್ನು ಕಲಿಸಲಾಗದು. ಡ್ಯಾಮ್ಸೆಲ್ ಬೇಕೇ ಬೇಕೆಂದಿದ್ದರೆ ನೀಲಿ ಮೈ, ಹಳದಿ ಬಾಲದ ಜಾತಿ ಒಂದಿದೆ, ಅದು ಈ ಬಳಗದಲ್ಲಿ ತಕ್ಕಮಟ್ಟಿಗೆ ಸೌಮ್ಯ.

ಗುಂಪಿನ ಮೀನು ಎಂಬ ಹೆಸರಿಗೂ ಮೋಸ ಹೋಗಬೇಡಿ. ಹಸಿರು ಕ್ರೋಮಿಸ್ ಆರೇಳು ತಂದರೆ ತಿಂಗಳುಗಳು ಉರುಳಿದಂತೆ ಅತಿ ದುರ್ಬಲವಾದದ್ದನ್ನು ಉಳಿದವು ಕಾಡಿ ಕಾಡಿ ಮುಗಿಸಿ, ಕೊನೆಗೆ ಒಂದೋ ಎರಡೋ ಉಳಿಯುವುದು ಸಾಮಾನ್ಯ. ಬಾಂಗೈ ಕಾರ್ಡಿನಲ್ ಗುಂಪಿನಲ್ಲಿ ಒಂದು ಜೋಡಿ ಕೂಡಿತೆಂದರೆ ಆ ಜೋಡಿ ಮಿಕ್ಕವನ್ನು ಹೊರಗಟ್ಟುತ್ತದೆ. ಆಂಥಿಯಾಸ್‌ಗಳಲ್ಲಿ ಒಂದು ಗಂಡಿಗೆ ಹಲವು ಹೆಣ್ಣು ಎಂಬ ಲೆಕ್ಕವೇ ಸರಿ. ಎರಡು ಗಂಡುಗಳನ್ನು ಒಟ್ಟಿಗೆ ಇಡಬಾರದು.

ಡಾಟಿಬ್ಯಾಕ್, ಸಿಕ್ಸ್‌ಲೈನ್ ರಾಸ್, ಟ್ರಿಗ್ಗರ್, ಮರೂನ್ ಕ್ಲೌನ್, ಸೋಹಲ್ ಟ್ಯಾಂಗ್ ಈ ಜಗಳಗಂಟ ಮೀನುಗಳ ಹೆಸರು ಮಾತ್ರ ಇಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಇವನ್ನು ಸಾಕಬಾರದೆಂದಲ್ಲ, ಇವುಗಳನ್ನು ನಡುವಿಟ್ಟುಕೊಂಡೇ ಇಡೀ ತೊಟ್ಟಿಯ ಯೋಜನೆ ಹಾಕಬೇಕು. ಸೋಹಲ್ 40 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ.

ಹೆಜ್ಜೆ 2: ಬಂಡೆಗಳನ್ನು ಗೋಡೆಯಂತೆ ಕಟ್ಟಬೇಡಿ

ಹಿಂಭಾಗದ ಗಾಜಿನುದ್ದಕ್ಕೂ ಒಂದೇ ಸಮನೆ ಬಂಡೆ ಜೋಡಿಸಿದರೆ, ತುದಿಯಲ್ಲಿ ನಿಂತ ಮೀನಿಗೆ ಇಡೀ ತೊಟ್ಟಿ ಒಂದೇ ನೋಟದಲ್ಲಿ ಕಾಣುತ್ತದೆ. ಕಂಡದ್ದೆಲ್ಲ ತನ್ನದು ಎಂದುಕೊಳ್ಳುತ್ತದೆ. ಬದಲಿಗೆ ಬಂಡೆಗಳನ್ನು ಎರಡು ಅಥವಾ ಮೂರು ಬಿಡಿ ಗುಡ್ಡಗಳಾಗಿ ಮಾಡಿ, ನಡುವೆ ಬರಿ ಮರಳಿನ ಓಣಿ ಬಿಡಿ. ಆ ಓಣಿಯೇ ಸರಹದ್ದು. ಮೀನುಗಳು ಗಡಿಯನ್ನು ಗುರುತಿಸುವುದು ಇಂಥ ಎದ್ದು ಕಾಣುವ ಗುರುತುಗಳಿಂದ. ಗಡಿ ಸ್ಪಷ್ಟವಾಗಿದ್ದಷ್ಟೂ ಜಗಳ ಕಡಿಮೆ, ಏಕೆಂದರೆ ಅಕ್ಕಪಕ್ಕದ ಎರಡು ಒಡೆಯರು ಪರಸ್ಪರ ಪರಿಚಯವಾದ ಮೇಲೆ ಹೊಸಬನಿಗಿಂತ ಹಳೆಯ ನೆರೆಯವನನ್ನು ಹೆಚ್ಚು ಸಹಿಸುತ್ತಾರೆ.

ಗುಡ್ಡ ಕಟ್ಟುವಾಗ ಎರಡು ವಿಷಯ ನೋಡಿ. ತೊಟ್ಟಿಯ ಒಂದು ತುದಿಯಿಂದ ಇನ್ನೊಂದು ತುದಿ ಕಾಣದಂತೆ ಎಲ್ಲಾದರೂ ನೋಟಕ್ಕೆ ತಡೆ ಬರಬೇಕು. ಮತ್ತು ಪ್ರತಿ ಗುಹೆಗೂ ಎರಡು ಬಾಯಿ ಇರಬೇಕು. ಒಂದೇ ಬಾಯಿಯ ಗುಹೆ ಓಡಿಬಂದ ಮೀನಿಗೆ ಆಶ್ರಯವಲ್ಲ, ಬೋನು. ಮೀನುಗಳ ಸಂಖ್ಯೆಗಿಂತ ಅಡಗುತಾಣಗಳ ಸಂಖ್ಯೆ ಹೆಚ್ಚಿರಲಿ. ದೊಡ್ಡ ಮೀನು ನುಗ್ಗಲಾಗದಷ್ಟು ಕಿರಿದಾದ ಕೆಲವು ಬಿರುಕುಗಳೂ ಇರಲಿ. ಮರಳು ತೋಡುವ ಗೋಬಿಗಳಿದ್ದರೆ ಬಂಡೆಯನ್ನು ಮರಳಿನ ಮೇಲಲ್ಲ, ತೊಟ್ಟಿಯ ತಳದ ಮೇಲೆಯೇ ಕೂರಿಸಿ.

ತೊಟ್ಟಿಯ ಉದ್ದದ ವಿಷಯದಲ್ಲಿ ರಾಜಿ ಬೇಡ. ಲೀಟರ್ ಲೆಕ್ಕಕ್ಕಿಂತ ಉದ್ದವೇ ಮುಖ್ಯ: ಎತ್ತರದ ತೊಟ್ಟಿಯಲ್ಲಿ ನೀರು ಜಾಸ್ತಿ ಹಿಡಿದರೂ ಓಡಲು ಜಾಗವಿರುವುದಿಲ್ಲ. ಹಳದಿ ಟ್ಯಾಂಗ್‌ಗೆ ನಾಲ್ಕು ಅಡಿಗಿಂತ ಕಡಿಮೆ ಉದ್ದದ ತೊಟ್ಟಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಎರಡು ಟ್ಯಾಂಗ್ ಎಂದರೆ ಆರು ಅಡಿ. ಹಾಗೆಯೇ ಮೇಲೆ ಬಲೆಯ ಮುಚ್ಚಳ ಇಂದೇ ಹಾಕಿ. ಆ ಫೈರ್‌ಫಿಶ್ ಉಳಿಯಲು ಅಷ್ಟೇ ಸಾಕಾಗಿತ್ತು.

ಹೆಜ್ಜೆ 3: ಸಾಧುವಿಗೆ ಮೊದಲ ಸ್ಥಾನ

ಮೊದಲು ಬಂದವನೇ ಒಡೆಯ. ಹಾಗಾಗಿ ಅತಿ ಅಂಜುಬುರುಕ ಮೀನನ್ನು ಮೊದಲು ಬಿಡಿ, ಅತಿ ಜಗಳಗಂಟ ಮೀನನ್ನು ಕೊನೆಗೆ. ಗೋಬಿ, ಫೈರ್‌ಫಿಶ್, ಕಾರ್ಡಿನಲ್ ಮೊದಲು. ಆಮೇಲೆ ಕ್ಲೌನ್ ಮತ್ತು ರಾಯಲ್ ಗ್ರಾಮಾ. ನಂತರ ಕುಬ್ಜ ಏಂಜೆಲ್. ಟ್ಯಾಂಗ್, ಡಾಟಿಬ್ಯಾಕ್, ಸಿಕ್ಸ್‌ಲೈನ್ ಕಡೆಯಲ್ಲಿ. ಒಂದೊಂದರ ನಡುವೆ ಕೆಲವು ವಾರಗಳ ಬಿಡುವು ಇರಲಿ, ಫಿಲ್ಟರ್‌ನ ಬ್ಯಾಕ್ಟೀರಿಯಾ ಹೊಸ ಹೊರೆಗೆ ಒಗ್ಗಿಕೊಳ್ಳಲೂ ಅದು ಬೇಕು. ಈ ನಿಯಮಕ್ಕೆ ಒಂದು ಅಪವಾದವಿದೆ. ಎರಡೋ ಮೂರೋ ಟ್ಯಾಂಗ್ ಇಡಲೇಬೇಕೆಂದಿದ್ದರೆ ಬೇರೆ ಬೇರೆ ಕುಲದ, ಬೇರೆ ಆಕಾರದವನ್ನು ಆರಿಸಿ ಒಂದೇ ದಿನ ಒಟ್ಟಿಗೆ ಬಿಡಿ. ಯಾರೂ ಹಳಬರಲ್ಲದಿದ್ದಾಗ ಒಡೆತನದ ಪ್ರಶ್ನೆ ಅಷ್ಟು ತೀವ್ರವಾಗಿ ಏಳುವುದಿಲ್ಲ, ಕೋಪವೂ ಹಂಚಿಹೋಗುತ್ತದೆ.

ಹೊಸ ಮೀನು ನಾಲ್ಕರಿಂದ ಆರು ವಾರ ಬೇರೆ ತೊಟ್ಟಿಯಲ್ಲಿ ಕ್ವಾರಂಟೈನ್‌ನಲ್ಲಿರಲಿ. ರೋಗ ತಡೆಯುವುದಕ್ಕೆ ಎಂದು ಎಲ್ಲರೂ ಹೇಳುತ್ತಾರೆ, ನಿಜವೇ. ಆದರೆ ಜಗಳದ ದೃಷ್ಟಿಯಿಂದಲೂ ಅದು ದೊಡ್ಡ ಉಪಕಾರ. ಪ್ರಯಾಣದಲ್ಲಿ ಬಳಲಿ, ಹಸಿದು ಬಂದ ಮೀನು ಹಳೆಯ ಒಡೆಯನ ಮುಂದೆ ನಿಲ್ಲಲಾರದು. ನಾಲ್ಕು ವಾರ ಹೊಟ್ಟೆತುಂಬ ತಿಂದು ಮೈ ತುಂಬಿಕೊಂಡದ್ದು ನಿಲ್ಲುತ್ತದೆ.

ಹೆಜ್ಜೆ 4: ಬಿಡುವ ವಾರ

ಬಿಡುವ ದಿನ ಎಂದು ಬರೆಯದೆ ವಾರ ಎಂದು ಬೇಕೆಂದೇ ಬರೆದಿದ್ದೇನೆ. ಇಡೀ ಕೆಲಸದಲ್ಲಿ ಫಲ ಹೆಚ್ಚು ಕೊಡುವ ಹೆಜ್ಜೆ ಇದೇ.

ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆ ಬೇಕು. ನಾಲ್ಕೂ ಬದಿಗೆ ತೂತುಗಳಿದ್ದು ನೀರು ಹರಿದಾಡಬೇಕು, ಮೇಲೆ ಮುಚ್ಚಳ ಇರಬೇಕು, ಮೀನು ತಿರುಗಾಡುವಷ್ಟು ಅಗಲ ಇರಬೇಕು. ಅದನ್ನು ದೊಡ್ಡ ತೊಟ್ಟಿಯೊಳಗೆ ಗಾಜಿಗೆ ತಗುಲಿಸಿ, ಒಳಗೆ ಒಂದು ಪಿವಿಸಿ ಕೊಳವೆಯ ತುಂಡು ಇಡಿ. ಕ್ವಾರಂಟೈನ್ ತೊಟ್ಟಿಯ ಮತ್ತು ದೊಡ್ಡ ತೊಟ್ಟಿಯ ಉಪ್ಪಿನಂಶ, ಉಷ್ಣತೆ ಎರಡೂ ಸರಿಹೊಂದಿವೆಯೇ ಎಂದು ಅಳೆದು ನೋಡಿಯೇ ಮೀನನ್ನು ಪೆಟ್ಟಿಗೆಗೆ ಬಿಡಿ.

ಮೊದಲ ದಿನ ಹಳೆಯ ಮೀನು ಪೆಟ್ಟಿಗೆಗೆ ಬಂದು ಢೀ ಕೊಡುತ್ತದೆ, ರೆಕ್ಕೆ ನಿಗುರಿಸುತ್ತದೆ, ಬಣ್ಣ ಕಡುವಾಗಿಸುತ್ತದೆ. ಗಾಬರಿಯಾಗಬೇಡಿ, ಇದು ನಡೆಯಬೇಕಾದದ್ದೇ. ಕಚ್ಚಲು ಆಗದ ಜಗಳ ಎರಡೂ ಮೀನುಗಳ ನಡುವೆ ಪರಿಚಯವಾಗಿ ಮಾರ್ಪಡುತ್ತದೆ. ಹೊಸ ಮೀನಿಗೆ ಪೆಟ್ಟಿಗೆಯೊಳಗೇ ಊಟ ಹಾಕಿ, ಅದೇ ಹೊತ್ತಿಗೆ ಹೊರಗಿನವಕ್ಕೂ ಹಾಕಿ. ಮೂರು ದಿನದಿಂದ ಒಂದು ವಾರ ಹೀಗಿರಲಿ. ನಾನು ಗಡಿಯಾರ ನೋಡುವುದಿಲ್ಲ, ಹಳೆಯ ಮೀನಿನ ನಡೆ ನೋಡುತ್ತೇನೆ. ಅದು ಇಡೀ ದಿನ ಪೆಟ್ಟಿಗೆಯ ಪಕ್ಕ ಸುಮ್ಮನೆ ಹಾದುಹೋಗುವಂತಾದರೆ ಸಮಯ ಬಂದಿದೆ. ಹತ್ತು ದಿನವಾದರೂ ಪೆಟ್ಟಿಗೆ ಕುಟ್ಟುವುದು ನಿಲ್ಲದಿದ್ದರೆ ಆ ಎರಡು ಮೀನುಗಳನ್ನು ಒಟ್ಟಿಗೆ ಇಡುವ ಆಸೆ ಬಿಡಿ. ಅಷ್ಟರಲ್ಲಿ ಒಂದು ಜೀವ ಉಳಿದಿದೆ.

ಬಿಡುವ ಸಂಜೆ ಹಳೆಯ ಮೀನುಗಳಿಗೆ ಧಾರಾಳವಾಗಿ ಉಣಿಸಿ, ದೀಪ ಆರಿಸಿ. ಅರ್ಧ ಗಂಟೆ ಕಳೆದ ಮೇಲೆ ಪೆಟ್ಟಿಗೆಯನ್ನು ಮೆಲ್ಲಗೆ ಓರೆ ಮಾಡಿ ಮುಚ್ಚಳ ತೆರೆದಿಡಿ. ಮೀನು ತಾನಾಗಿ ಹೊರಬರಲಿ, ಸುರಿಯಬೇಡಿ. ಇಡೀ ರಾತ್ರಿ ಅದಕ್ಕೆ ಬಿಲ ಹುಡುಕಲು ಸಿಗುತ್ತದೆ. ಅದಕ್ಕೂ ಮೊದಲು ಅತಿ ಜಗಳಗಂಟ ಮೀನು ಮಲಗುವ ಜಾಗದ ಸುತ್ತ ಒಂದೆರಡು ಬಂಡೆ ಕದಲಿಸಿ ಬೇರೆಡೆ ಇಟ್ಟರೆ ಇನ್ನೂ ಒಳ್ಳೆಯದು. ಮರುದಿನ ಬೆಳಗ್ಗೆ ತನ್ನ ಗಡಿಯ ಗುರುತುಗಳೇ ಬದಲಾದದ್ದನ್ನು ಕಂಡು ಅದೂ ಹೊಸಬನಂತೆ ತಡಕಾಡುತ್ತದೆ. ಹವಳ ಬೆಳೆದ ತೊಟ್ಟಿಯಲ್ಲಿ ಎಲ್ಲವನ್ನೂ ಕಿತ್ತು ಜೋಡಿಸುವುದು ಆಗದು, ಬೇಕಾಗಿಯೂ ಇಲ್ಲ. ಹಳೆಯ ಮರಳಿನ ಆಳವನ್ನು ಕದಡಿದರೆ ಜಗಳಕ್ಕಿಂತ ಕೆಟ್ಟದ್ದಾದೀತು.

ಹೆಜ್ಜೆ 5: ಜಗಳದ ಭಾಷೆ ಓದಿ

ಎಲ್ಲ ಅಟ್ಟಾಟವೂ ಅಪಾಯವಲ್ಲ. ಪಕ್ಕಕ್ಕೆ ನಿಂತು ರೆಕ್ಕೆ ಅಗಲಿಸುವುದು, ಬಾಲದಿಂದ ನೀರು ತಳ್ಳುವುದು, ಒಂದು ಅಡಿ ಓಡಿಸಿ ಮರಳುವುದು, ಇವೆಲ್ಲ ಗಡಿ ಹೇಳುವ ಮಾತುಗಳು. ಅಟ್ಟುವ ಮೀನು ಎಲ್ಲಿ ನಿಲ್ಲುತ್ತದೆ ನೋಡಿ. ಯಾವುದೋ ಒಂದು ಜಾಗಕ್ಕೆ ಬಂದು ಹಿಂತಿರುಗಿದರೆ ಅಲ್ಲಿ ಗಡಿ ಇದೆ, ಅದರಾಚೆ ಹೊಸ ಮೀನಿಗೆ ನೆಲೆ ಇದೆ. ಎಲ್ಲೂ ನಿಲ್ಲದೆ ತೊಟ್ಟಿಯ ಈ ತುದಿಯಿಂದ ಆ ತುದಿಗೆ ಅಟ್ಟುತ್ತಿದ್ದರೆ, ಊಟ ಬಿಟ್ಟು ಅಟ್ಟಲು ಹೋದರೆ, ಬಂಡೆಯೊಳಕ್ಕೂ ನುಗ್ಗಿ ಎಳೆದರೆ, ಆ ಕ್ಷಣವೇ ಕೈಹಾಕಬೇಕು.

ಸೋಲುತ್ತಿರುವ ಮೀನಿನ ಮೇಲೂ ಕಣ್ಣಿರಲಿ, ಗೆಲ್ಲುವುದಕ್ಕಿಂತ ಅದು ಹೆಚ್ಚು ಹೇಳುತ್ತದೆ. ಹರಿದ ರೆಕ್ಕೆ ಬೇಗ ಬೆಳೆಯುತ್ತದೆ. ಆದರೆ ಮೇಲ್ಮೈಯ ಮೂಲೆಯಲ್ಲೋ ಪಂಪಿನ ಹಿಂದೆಯೋ ಮಾಸಿದ ಬಣ್ಣದಲ್ಲಿ ನಿಂತು, ಕಿವಿರು ಬೇಗಬೇಗ ಆಡಿಸುತ್ತ, ಊಟ ಕಣ್ಣೆದುರು ತೇಲಿದರೂ ಬಾಯಿ ತೆರೆಯದ ಮೀನು ಸಾವಿನ ದಾರಿಯಲ್ಲಿದೆ. ಈ ಒತ್ತಡದಲ್ಲಿ ಬಿಳಿಚುಕ್ಕೆ ರೋಗವೂ ಸುಲಭವಾಗಿ ಮೇಲೇಳುತ್ತದೆ. ಎರಡು ದಿನ ಊಟ ಬಿಟ್ಟರೆ ಮೂರನೆಯ ದಿನಕ್ಕೆ ಕಾಯಬೇಡಿ.

ನೀವು ಎದುರು ನಿಂತಾಗ ಮೀನುಗಳ ಗಮನ ನಿಮ್ಮ ಕೈಯ ಊಟದ ಕಡೆ ತಿರುಗಿ ಎಲ್ಲವೂ ಶಾಂತವಾಗಿ ಕಾಣಬಹುದು. ಕೋಣೆಯ ಇನ್ನೊಂದು ಬದಿಯಿಂದ ಹದಿನೈದು ನಿಮಿಷ ನೋಡಿ.

ಹೆಜ್ಜೆ 6: ಊಟ

ದಿನಕ್ಕೊಮ್ಮೆ ರಾಶಿ ಹಾಕುವ ಬದಲು ಮೂರು ಸಲ ಸ್ವಲ್ಪ ಸ್ವಲ್ಪ, ಏಕಕಾಲಕ್ಕೆ ತೊಟ್ಟಿಯ ಎರಡೂ ತುದಿಗೆ ಹಾಕಿ. ಟ್ಯಾಂಗ್‌ಗಳಿಗೆ ನೋರಿ (ಒಣಗಿಸಿದ ಕಡಲಪಾಚಿ) ಹಾಳೆಯನ್ನು ಎರಡು ಕ್ಲಿಪ್‌ಗಳಲ್ಲಿ ದೂರ ದೂರ ಸಿಕ್ಕಿಸಿ. ಒಂದೇ ಕ್ಲಿಪ್ ಇದ್ದರೆ ಅದೇ ಕಾಯಬೇಕಾದ ಹೊಲವಾಗುತ್ತದೆ.

ಹೆಜ್ಜೆ 7: ಜಗಳ ಕೈಮೀರಿದಾಗ

ಮೊದಲು ಕನ್ನಡಿ ಪ್ರಯತ್ನಿಸಿ. ಹೊಸ ಮೀನು ಅಡಗಿರುವ ಕಡೆಯಿಂದ ದೂರದ ತುದಿಯಲ್ಲಿ, ಗಾಜಿನ ಹೊರಗೆ ಒಂದು ಕನ್ನಡಿ ಒರಗಿಸಿ. ಹಳೆಯ ಮೀನು ತನ್ನ ಬಿಂಬವನ್ನು ಎದುರಾಳಿ ಎಂದು ತಿಳಿದು ಅಲ್ಲೇ ಕಾವಲು ನಿಲ್ಲುತ್ತದೆ. ಟ್ಯಾಂಗ್‌ಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ದಿನಕ್ಕೆ ಕೆಲವು ಗಂಟೆ, ಎರಡು ಮೂರು ದಿನ ಮಾತ್ರ; ಸೋಲದ ಎದುರಾಳಿಯೊಂದಿಗೆ ನಿರಂತರ ಕಾದಾಡಿ ಮೀನು ಬಳಲಿಹೋಗುತ್ತದೆ.

ಕನ್ನಡಿಗೆ ಬಗ್ಗದಿದ್ದರೆ ಬೇರ್ಪಡಿಸಬೇಕು. ಇಲ್ಲಿ ಬಹಳ ಮಂದಿ ಪೆಟ್ಟು ತಿಂದ ಮೀನನ್ನು ಹೊರತೆಗೆಯುತ್ತಾರೆ. ಗಾಯ ದೊಡ್ಡದಿದ್ದರೆ ಅದು ಬೇಕೇ ಬೇಕು, ಆದರೆ ಜಗಳ ಅದರಿಂದ ಮುಗಿಯುವುದಿಲ್ಲ: ಮರಳಿ ಬಂದಾಗ ಅದು ಮತ್ತೆ ಹೊಸಬ. ತೆಗೆಯಬೇಕಾದದ್ದು ಹೊಡೆಯುವ ಮೀನನ್ನು. ಒಂದೆರಡು ವಾರ ಅದನ್ನು ಬೇರೆ ತೊಟ್ಟಿಯಲ್ಲೋ ಸಂಪ್‌ನಲ್ಲೋ (ನೀರು ಸೋಸುವ ಪಕ್ಕದ ತೊಟ್ಟಿ) ಇಡಿ. ಅಷ್ಟರಲ್ಲಿ ಹೊಸ ಮೀನು ಬಿಲ ಹಿಡಿದು, ಊಟ ಕಲಿತು, ನೆಲದ ಒಡೆಯನಾಗಿರುತ್ತದೆ. ಮರಳುವ ಮೀನು ಪೆಟ್ಟಿಗೆಯ ವಾಸದಿಂದಲೇ ಮತ್ತೆ ಆರಂಭಿಸಲಿ. ನಾನು ಆ ಸಿಕ್ಸ್‌ಲೈನ್ ರಾಸ್‌ಗೆ ಹೀಗೆ ಮಾಡಿದ ಮೇಲೆಯೇ ತೊಟ್ಟಿಗೆ ಇನ್ನೊಂದು ಫೈರ್‌ಫಿಶ್ ಬಂದು ಉಳಿಯಿತು.

ಹಿಡಿಯುವುದು ಹೇಗೆ? ಬಲೆ ಹಿಡಿದು ತೊಟ್ಟಿಯೆಲ್ಲ ಅಟ್ಟಾಡಬೇಡಿ, ಪೆಟ್ಟು ತಿಂದ ಮೀನಿಗೇ ಅದು ಹೆಚ್ಚು ಹಿಂಸೆ. ತೊಟ್ಟಿಯಲ್ಲಿ ಪಾರದರ್ಶಕ ಬೋನು ಇಟ್ಟು, ಬಾಗಿಲಿಗೆ ದಾರ ಕಟ್ಟಿ, ನಾಲ್ಕೈದು ದಿನ ಬಾಗಿಲು ತೆರೆದೇ ಒಳಗೆ ಊಟ ಹಾಕಿ. ಮೀನು ಸಲೀಸಾಗಿ ಒಳಹೊಕ್ಕು ತಿನ್ನುವಂತಾದ ಮೇಲೆ ಒಂದು ದಿನ ದಾರ ಬಿಡಿ. ಬೋನು ಇಲ್ಲದಿದ್ದರೆ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ತಲೆಕೆಳಗಾಗಿ ಒಳಕ್ಕೆ ತೂರಿಸಿದರೂ ಸಣ್ಣ ಮೀನು ಬೀಳುತ್ತದೆ. ಸಿಕ್ಸ್‌ಲೈನ್ ರಾತ್ರಿ ಬಂಡೆಯ ಸಂದಿನಲ್ಲಿ ಲೋಳೆಯ ಗೂಡು ಕಟ್ಟಿಕೊಂಡು ಮಲಗುತ್ತದೆ. ಎಲ್ಲಿ ಮಲಗುತ್ತದೆಂದು ಮೊದಲೇ ಗುರುತಿಸಿದ್ದರೆ ಕತ್ತಲಲ್ಲಿ ಆ ಕಲ್ಲಿನ ಸಮೇತ ಎತ್ತಬಹುದು.

ಟ್ಯಾಂಗ್ ಅನ್ನು ಬಲೆಯಲ್ಲಿ ಹಿಡಿದರೆ ಬಾಲದ ಮುಳ್ಳು ಸಿಕ್ಕಿಕೊಂಡು ಹರಿಯುತ್ತದೆ, ಪ್ಲಾಸ್ಟಿಕ್ ಡಬ್ಬಿಯೇ ಮೇಲು. ಲಯನ್ ಮೀನು, ಫಾಕ್ಸ್‌ಫೇಸ್ ಇವುಗಳ ಬೆನ್ನಿನ ಮುಳ್ಳಿನಲ್ಲಿ ವಿಷವಿದೆ. ಚುಚ್ಚಿದರೆ ಗಾಯವನ್ನು, ಚರ್ಮ ಸುಡದೆ ತಾಳಿಕೊಳ್ಳಬಲ್ಲಷ್ಟು ಬಿಸಿಯಾದ ನೀರಿನಲ್ಲಿ ಅದ್ದಿ, ತಡಮಾಡದೆ ವೈದ್ಯರನ್ನು ಕಾಣಿ.

ಗಾಯಗೊಂಡ ಮೀನಿಗೆ ಬೇಕಾದದ್ದು ಶುದ್ಧ ನೀರು, ಅಮೋನಿಯಾ ಶೂನ್ಯ, ಮಬ್ಬು ಬೆಳಕು, ಅಡಗಲು ಒಂದು ಕೊಳವೆ. ರೆಕ್ಕೆಯ ಬುಡ ಉಳಿದಿದ್ದರೆ ರೆಕ್ಕೆ ಮತ್ತೆ ಬರುತ್ತದೆ. ಗಾಯದ ಅಂಚು ಕೆಂಪಾದರೆ ಅಥವಾ ಬಿಳಿ ಹತ್ತಿಯಂತೆ ಬೆಳೆದರೆ ಸೋಂಕು ತಗುಲಿದೆ, ಔಷಧ ಬೇಕು. ಆ ಔಷಧವನ್ನು ಹವಳವಿರುವ ತೊಟ್ಟಿಗೆ ಎಂದೂ ಹಾಕಬೇಡಿ.

ಕ್ಲೌನ್ ಜೋಡಿಯ ವಿಷಯ

ಕ್ಲೌನ್ ಮೀನುಗಳೆಲ್ಲ ಮೊದಲು ಗಂಡೇ ಆಗುತ್ತವೆ. ಗುಂಪಿನಲ್ಲಿ ಅತಿ ಬಲಶಾಲಿಯಾದದ್ದು ಹೆಣ್ಣಾಗುತ್ತದೆ, ಒಮ್ಮೆ ಹೆಣ್ಣಾದರೆ ಮರಳಿ ಗಂಡಾಗದು. ಆದ್ದರಿಂದ ಎರಡು ದೊಡ್ಡ ಕ್ಲೌನ್‌ಗಳನ್ನು ತಂದರೆ ಎರಡೂ ಹೆಣ್ಣಾಗಿರುವ ಸಾಧ್ಯತೆ ಇದೆ, ಆಗ ಕಾದಾಟ ಸಾಯುವವರೆಗೂ ಹೋಗುತ್ತದೆ. ಗಾತ್ರದಲ್ಲಿ ಎದ್ದು ಕಾಣುವ ವ್ಯತ್ಯಾಸವಿರುವ ಎರಡು ಎಳೆಯ ಮೀನುಗಳನ್ನು ಒಟ್ಟಿಗೆ ತನ್ನಿ. ಸಣ್ಣದು ದೊಡ್ಡದರ ಮುಂದೆ ಮಗ್ಗುಲಾಗಿ ಮೈ ನಡುಗಿಸಿದರೆ ಸಂತೋಷಪಡಿ: ಅದು ನೋವಲ್ಲ, ಒಪ್ಪಿಗೆ.

ಮೊಟ್ಟೆ ಇಡತೊಡಗಿದ ಮೇಲೆ ವರ್ಷಗಟ್ಟಲೆ ಸಾಧುವಾಗಿದ್ದ ಹೆಣ್ಣು ನಿಮ್ಮ ಕೈಯನ್ನೂ ಕಚ್ಚುತ್ತದೆ. ಮೊಟ್ಟೆ ಒಡೆಯಲು ವಾರದಿಂದ ಹತ್ತು ದಿನ. ಆ ಅವಧಿಯಲ್ಲಿ ಅವು ನೆಲೆಸಿದ ಬದಿಯಲ್ಲಿ ಕೈಹಾಕಬೇಡಿ, ಬೇರೆ ಮೀನುಗಳಿಗೆ ಎದುರು ತುದಿಯಲ್ಲಿ ಉಣಿಸಿ, ಹೊಸ ಮೀನು ತರಬೇಡಿ. ಅವು ನೆಲೆಸುವ ಅನಿಮೋನಿ (ಹೂವಿನಂತೆ ಕಾಣುವ ಕಡಲಜೀವಿ) ಅಥವಾ ಹವಳವನ್ನು ಮೊದಲೇ ತೊಟ್ಟಿಯ ಒಂದು ಕೊನೆಯಲ್ಲಿ ಕೂರಿಸಿದ್ದರೆ ಈ ಗಡಿ ಅರ್ಧ ತೊಟ್ಟಿಗೆ ಮಾತ್ರ ಹರಡುತ್ತದೆ. ನಡುವೆ ಕೂರಿಸಿದರೆ ಇಡೀ ತೊಟ್ಟಿ ಅವುಗಳದ್ದು. ಅನಿಮೋನಿ ತನಗಿಷ್ಟ ಬಂದ ಕಡೆಗೆ ನಡೆದುಕೊಂಡು ಹೋಗಬಲ್ಲದು, ಆದರೂ ಆರಂಭ ನಮ್ಮ ಕೈಯಲ್ಲಿದೆ.

ಮೀನನ್ನು ಬಿಟ್ಟುಕೊಡುವುದು

ಎರಡು ಸಲ ಬೇರ್ಪಡಿಸಿ ಮರಳಿಸಿದ ಮೇಲೂ ಅಟ್ಟುವುದು ನಿಲ್ಲದಿದ್ದರೆ ಆ ಮೀನಿಗೆ ನಿಮ್ಮ ತೊಟ್ಟಿ ಚಿಕ್ಕದು. ಒಂಟಿಯಾಗಿ, ಅಥವಾ ತನ್ನಷ್ಟೇ ಗಟ್ಟಿಗ ಮೀನುಗಳ ನಡುವೆ ದೊಡ್ಡ ತೊಟ್ಟಿಯಲ್ಲಿ ಅದು ಚೆನ್ನಾಗಿ ಬಾಳೀತು. ಅಂಥ ತೊಟ್ಟಿ ಇರುವವರನ್ನು ಹುಡುಕಿ, ಇಲ್ಲವೇ ಮೀನಂಗಡಿಗೆ ಮರಳಿ ಕೊಡಿ. ಸಮುದ್ರಕ್ಕೆ, ಹಿನ್ನೀರಿಗೆ, ಯಾವ ಕಾರಣಕ್ಕೂ ಬಿಡಬೇಡಿ. ಹಿಂದೂ ಮತ್ತು ಶಾಂತ ಸಾಗರಗಳ ಲಯನ್ ಮೀನು 1985ರಲ್ಲಿ ಫ್ಲಾರಿಡಾದ ಕರಾವಳಿಯಲ್ಲಿ ದಾಖಲಾಯಿತು. ಸಾಕಿದವರು ಬಿಟ್ಟ ಮೀನುಗಳೇ ಅದಕ್ಕೆ ಮೂಲವೆಂದು ಪರಿಗಣಿಸಲಾಗಿದೆ. ಇಂದು ಅದು ಕೆರಿಬಿಯನ್ ಉದ್ದಕ್ಕೂ ಹರಡಿ ಅಲ್ಲಿನ ಎಳೆಯ ಮೀನುಗಳನ್ನು ನುಂಗುತ್ತಿದೆ.

ಮೀನನ್ನು ಒಪ್ಪಿಸುವಾಗ ಒಂದು ಚೀಟಿ ಬರೆದು ಕೊಡಿ: ಎಷ್ಟು ವರ್ಷದಿಂದ ಇತ್ತು, ಏನು ತಿನ್ನುತ್ತಿತ್ತು, ಯಾವ ಮೀನನ್ನು ಅಟ್ಟಿತು, ಯಾವುದರ ಜೊತೆ ಸುಮ್ಮನಿತ್ತು, ಎಂಥ ಬಿಲದಲ್ಲಿ ಮಲಗುತ್ತಿತ್ತು. ಮುಂದಿನವರು ಅದನ್ನು ನೀರಿಗೆ ಬಿಡುವ ಮೊದಲೇ ಆ ಬಿಲವನ್ನು ಮಾಡಿಡಬಹುದು.